ಬದನೆಗೆ ಸುಂಡೆಯ ಬೇರು ಕೊಟ್ಟ ಟೀಚರಮ್ಮ

ಎಲೆಯ ಮೇಲೆ ಕಂದು ಚುಕ್ಕಿ ಕಂಡರೆ ನಾವೆಲ್ಲ ‘ಅಯ್ಯೋ’ ಅನ್ನುತ್ತೇವೆ. ಅವರು ‘ಭೇಷ್’ ಅನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿದ್ದ ಕಾಲ. ನಾನು ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲಿನ ಸರ್ಕಾರಿ ಶಾಲೆಯೊಂದಕ್ಕೆ ಕನ್ನಡ ಟೀಚರಾಗಿ ಸೇರಿ ಒಂದು ವಾರವೂ ಆಗಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಶಾಲೆಯ ಬೇಲಿಗೆ ಹಬ್ಬಿದ್ದ ಅವರೆ ಬಳ್ಳಿಯ ಮುಂದೆ ಕುಳ್ಳಗಿನ ಹೆಂಗಸೊಬ್ಬರು ನಿಂತಿದ್ದರು. ಎಲೆಯನ್ನು ಕೀಳದೆ ಹಾಗೇ ಬೆಳಕಿಗೆ ಒಡ್ಡಿ, ಕೊರಳ ಕರಿದಾರಕ್ಕೆ ಕಟ್ಟಿಕೊಂಡಿದ್ದ ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಹೊಸಬಳಾದ ನನಗೆ ಮಾತಿಗೊಂದು ನೆಪ ಸಿಕ್ಕಿತು. ಹತ್ತಿರ ಹೋಗಿ, “ರೋಗ ಬಂದಿದೆಯಾ?” ಎಂದೆ.

“ಬರಕ್ಕೆ ನೋಡ್ತು. ಗಿಡ ಬಿಡಲಿಲ್ಲ. ಭೇಷ್!” ಎಂದರು, ನನ್ನತ್ತ ತಿರುಗದೆಯೇ. “ಇಲ್ಲಿ ನೋಡಿ, ಚುಕ್ಕಿ ಅಂಚು ಎಂಗದೆ? ಸೀಸದಕಡ್ಡೀಲಿ ಗೆರೆ ಎಳೆದಂಗದೆ. ಬ್ಯಾಕ್ಟೀರಿಯ ಒಳಗೆ ಬಂತು ಅಂತ ಗೊತ್ತಾದ ಕೂಡಲೇ ಸುತ್ತಲಿನ ಜೀವಕೋಶಗಳು ತಾವಾಗೇ ಸತ್ತುಬಿಟ್ಟವೆ. ಸತ್ತ ಜಾಗದಲ್ಲಿ ಅದಕ್ಕೆ ತಿನ್ನಕ್ಕೆ ಏನೂ ಇಲ್ಲ, ಮುಂದಕ್ಕೆ ಓಗಕ್ಕೆ ದಾರಿ ಇಲ್ಲ. ಅಲ್ಲಿಗೇ ಮುಗೀತು. ಮಿಕ್ಕ ಎಲೆ ಅಸಿರಾಗೇ ಅದೆ. ಇದೇ ಚುಕ್ಕಿ ಅಳದಿ ಆಗಿ ಅರಡ್ಕೊಂಡು ಓಗ್ತಿದ್ರೆ, ಗಿಡ ಸೋಲ್ತಾ ಅದೆ ಅಂತ ಅರ್ಥ.”

ಆಮೇಲೆ ತಿರುಗಿ ನೋಡಿ, “ಕನ್ನಡಕ್ಕೆ ಬಂದಿರೋರು ನೀವೇನಾ?” ಎಂದು ಕೇಳಿದರು. ಅಂದಿನಿಂದ ನಾನು ಅವರಿಗೆ ‘ಕನ್ನಡಮ್ಮ’ ಆದೆ. ಅವರು ನನಗೆ ಅಕ್ಕ ಆದರು. ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರನ್ನು ಸುತ್ತಲ ಊರಿನವರೆಲ್ಲ ಟೀಚರಮ್ಮ ಎನ್ನುತ್ತಿದ್ದರು. ಕೊರಳಲ್ಲಿದ್ದ ಗಾಜನ್ನು ಎಷ್ಟೋ ಜನ ತಾಯತ ಎಂದುಕೊಂಡಿದ್ದರು.

ಕಳೆದ ತಿಂಗಳು ಅವರು ನಿವೃತ್ತರಾದರು ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ ಹೇಳಿದಳು. ನಾನು ವರ್ಗವಾಗಿ ಬೇರೆ ಕಡೆ ಬಂದು ಬಹಳ ವರ್ಷವಾಗಿದೆ. ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಅವರು ಒಳ್ಳೆಯ ಶಿಕ್ಷಕಿ ಎಂದರಂತೆ. ಅದು ನಿಜ, ಆದರೆ ಅಷ್ಟು ಸಾಲದು. ನಾನು ಕಂಡದ್ದನ್ನು ನಾನು ಹೇಳಬೇಕು.

ಅವರ ಮಾತಿನಲ್ಲಿ ಹಕಾರವಿರಲಿಲ್ಲ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಊಟ ಮಾಡುತ್ತಾ ಅವರು ‘ಒಲ’ ಎಂದಾಗ ನಾನು ಪಂಡಿತಳ ಹಾಗೆ ನಕ್ಕು, “ಅಕ್ಕಾ, ಹೊಲ ಅನ್ನಿ” ಎಂದೆ. ಅವರು ತುತ್ತು ನುಂಗಿ ನಿಧಾನವಾಗಿ ಹೇಳಿದರು: “ನಾವು ಕೂಲಿ ಮಾಡಿದ ಒಲದಲ್ಲಿ ರಾಗಿ ಬೆಳೀತಿತ್ತು, ಜೋಳ ಬೆಳೀತಿತ್ತು. ಹಕಾರ ಮಾತ್ರ ಬೆಳೀಲೇ ಇಲ್ಲ ಕನ್ನಡಮ್ಮಾ.” ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಇಷ್ಟು ವರ್ಷ ಯಾರ ಮಾತನ್ನೂ ಹಾಗೆ ತಿದ್ದಲು ಹೋಗಿಲ್ಲ.

ಅವರು ಹುಟ್ಟಿದ್ದು ಪಣಕಹಳ್ಳಿಯಿಂದ ಆಚೆಗಿನ ಸಣ್ಣ ಊರೊಂದರ ಕೂಲಿಕಾರರ ಕೇರಿಯಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿ ಕಂಡವರ ಹೊಲದಲ್ಲಿ ಕಳೆ ಕಿತ್ತು, ನಾಟಿ ಮಾಡಿ ಮಗಳನ್ನು ಓದಿಸಿದರು. ಆ ಕೇರಿಯಲ್ಲಿ ಎಂ.ಎಸ್ಸಿ. ಮುಗಿಸಿದವರಲ್ಲಿ ಅಕ್ಕನೇ ಮೊದಲಿಗರು. ಕೊಯಮತ್ತೂರಿನ ಕಡೆಯ ಒಂದು ಪ್ರಯೋಗಶಾಲೆಯಲ್ಲಿ ಎರಡು ವರ್ಷ ಗಿಡಗಳ ರೋಗದ ಮೇಲೆ ಕೆಲಸ ಮಾಡಿದರು. ಅಲ್ಲೇ ಉಳಿಯಬಹುದಿತ್ತು. ಆದರೆ ಮೇಷ್ಟ್ರ ಕೆಲಸಕ್ಕೆ ಆದೇಶ ಬಂದಾಗ, ಉಳಿದವರೆಲ್ಲ ವರ್ಗ ಕೇಳಿಕೊಂಡು ಬಯಲಿಗೆ ಇಳಿದುಹೋಗುವ ಈ ಊರಿಗೆ, ಇವರು ತಾವಾಗಿ ಬೇಡಿ ಹತ್ತಿ ಬಂದರು. ಮದುವೆಯಾಗಲಿಲ್ಲ. ತಾಯಿಯ ಜೊತೆ ಅದೇ ಕೇರಿಯಲ್ಲಿ ಉಳಿದರು.

ಪ್ರಯೋಗಶಾಲೆಯ ಹಳೆಯ ಗೆಳತಿಯೊಬ್ಬಳು ಹೊಸ ಸಂಶೋಧನೆಗಳ ಜೆರಾಕ್ಸ್ ಪ್ರತಿಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದಳು. ಸಂಜೆಯ ಬಸ್ಸಿನಲ್ಲಿ ಅಕ್ಕ ಅವನ್ನು ಓದುವರು. ಓದಿದ್ದು ಖುಷಿ ಕೊಟ್ಟರೆ ಪಕ್ಕದಲ್ಲಿದ್ದ ನನ್ನ ಮೊಣಕೈ ಹಿಡಿದು ಅಲುಗಿಸುವರು. ಹಳೆಗನ್ನಡ ಓದಿದ ನನಗೆ ಅವರು ಹೇಳಿಕೊಟ್ಟ ವಿಜ್ಞಾನ ಇವತ್ತಿಗೂ ಮರೆತಿಲ್ಲ.

“ನಮ್ಮ ಮೈಯಲ್ಲಿ ರಕ್ತ ಓಡಾಡ್ತದೆ. ಅದರಲ್ಲಿ ಕಾವಲಿನವು ಓಡಾಡ್ತವೆ. ಗಿಡಕ್ಕೆ ರಕ್ತ ಇಲ್ಲ. ಅಂಗಾದ್ರೆ ಕಾಯೋರ್ ಯಾರು?”

“ಯಾರು?”

“ಎಲ್ಲರೂ! ಒಂದೊಂದು ಜೀವಕೋಶವೂ ತನ್ನ ಬಾಗಿಲ ತಾನೇ ಕಾಯ್ಬೇಕು. ಬ್ಯಾಕ್ಟೀರಿಯಕ್ಕೆ ಈಜಕ್ಕೆ ಒಂದು ಬಾಲ ಇರ್ತದೆ. ಆ ಬಾಲದ ಒಂದು ಚೂರು ತಾಗಿದ್ರೆ ಸಾಕು, ಜೀವಕೋಶದ ಮೈಮೇಲೆ ಅದನ್ನ ಗುರುತು ಇಡಿಯೋ ಒಂದು ಕೊಂಡಿ ಅದೆ. ಕೊಂಡಿಗೆ ಬಾಲ ಸಿಕ್ಕಿದ ಕೂಡಲೇ ಒಳಗೆ ಸುದ್ದಿ ಓಯ್ತದೆ. ಎಲೆ ಉಸಿರಾಡೋ ಸಣ್ಣ ಬಾಯಿಗಳು ಮುಚ್ಕೊತವೆ. ಗೋಡೆ ದಪ್ಪ ಆಯ್ತದೆ. ಇದನ್ನ ಈಗ ಕೆಲವು ವರ್ಷದ ಇಂದೆ ಕಂಡುಇಡಿದಿದ್ದು ಕನ್ನಡಮ್ಮಾ. ನಮ್ಮಮ್ಮ ಕಳೆ ಕೀಳ್ತಿದ್ದಾಗ್ಲೂ ಅವಳ ಕೈಯಡೀಲಿ ಇದೆಲ್ಲ ನಡೀತಿತ್ತು. ಯಾರಿಗೂ ಗೊತ್ತಿರಲಿಲ್ಲ!”

“ಬ್ಯಾಕ್ಟೀರಿಯ ಜಾಣತನ ಮಾಡಿ ಒಳಗೆ ಬಂದುಬಿಟ್ಟರೆ?”

“ಬತ್ತದೆ. ಬಂದು, ಆ ಸುದ್ದಿ ಓಗೋದನ್ನೇ ತಡೀತದೆ. ಅದಕ್ಕೆ ಒಳಗಡೆ ಇನ್ನೊಂದು ಕಾವಲು. ಅಲ್ಲಿ ಸಿಕ್ಕಾಕೊಂಡ್ರೆ, ನಾನೂ ಸಾಯ್ತೀನಿ ನಿನ್ನೂ ಬಿಡಲ್ಲ ಅಂತದೆ ಜೀವಕೋಶ. ಅವತ್ತು ಅವರೆ ಎಲೇಲಿ ತೋರಿಸಿದ್ನಲ್ಲಾ, ಅದೇ.”

ಹೇಳಿದ್ದನ್ನು ಕಣ್ಣಿಗೆ ತೋರಿಸದೆ ಬಿಡುವವರಲ್ಲ ಅವರು. ತಾಯಿ ಎಲೆಯಡಿಕೆಗೆಂದು ಹಿತ್ತಲಲ್ಲಿ ನಾಲ್ಕು ಹೊಗೆಸೊಪ್ಪಿನ ಗಿಡ ಬೆಳೆಸಿದ್ದರು. ಅದರಲ್ಲಿ ಎರಡನ್ನು ಅಕ್ಕ ಎಣ್ಣೆ ಡಬ್ಬಕ್ಕೆ ಎತ್ತಿ ಬಸ್ಸಿನಲ್ಲಿ ಶಾಲೆಗೆ ತಂದರು. “ಓದಿದ ಮಗಳು ಅಂತ ಸುಮ್ನಿವ್ನಿ. ಬ್ಯಾರೇರು ಮುಟ್ಟಿದ್ರೆ ಕೈ ಮುರೀತಿದ್ದೆ” ಎಂದು ತಾಯಿ ಗೊಣಗಿದ್ದರಂತೆ. ಬಾಡಿ ಸತ್ತ ಟೊಮೆಟೊ ಗಿಡದ ಕಾಂಡದಿಂದ ಬ್ಯಾಕ್ಟೀರಿಯ ತುಂಬಿದ ಲೋಳೆ ಇಳಿಸಿ ನೀರಿಗೆ ಬೆರೆಸಿದರು. ಅದರಲ್ಲಿ ಸ್ವಲ್ಪವನ್ನು ಚೆನ್ನಾಗಿ ಕುದಿಸಿ ಆರಿಸಿ, ಸೂಜಿಯಿಲ್ಲದ ಸಿರಿಂಜಿನಿಂದ ಎಲೆಯ ಎಡಭಾಗಕ್ಕೆ ಒತ್ತಿ ಇಳಿಸಿದರು. ಬಲಭಾಗಕ್ಕೆ ಬರೀ ಕುದಿಸಿದ ನೀರು. ಮಾರನೆಯ ದಿನ ಅದೇ ಎರಡು ಜಾಗಕ್ಕೂ ಜೀವಂತ ಲೋಳೆ. ಎರಡು ದಿನ ಬಿಟ್ಟು ನೋಡಿದರೆ ಬಲಭಾಗ ಕಾಗದದ ಹಾಗೆ ಒಣಗಿ ಕಂದಾಗಿತ್ತು. ಎಡಭಾಗ ಹಸಿರಾಗೇ ಇತ್ತು.

ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ನೋಡಿದರು. ನಾನು ನನ್ನ ತರಗತಿಯನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದೆ.

“ಕುದಿಸಿದ ಬ್ಯಾಕ್ಟೀರಿಯ ಸತ್ತಿತ್ತು. ಕೆಡುಕು ಮಾಡೋ ಶಕ್ತಿ ಅದಕ್ಕಿರಲಿಲ್ಲ. ಆದರೂ ಎಲೆ ಅದನ್ನ ಗುರುತು ಇಡೀತು,” ಎಂದರು ಅಕ್ಕ. “ಅವತ್ತೇ ಎಚ್ಚರ ಆಗೋಯ್ತು. ಜೀವ ಇರೋದು ಬಂದಾಗ ಜೀವಕೋಶ ಸಾಯೋವರೆಗೂ ಓಗಲೇ ಇಲ್ಲ, ಅದಕ್ಕೂ ಮುಂಚೇನೇ ಅದುಮಿ ಆಕ್ಬುಡ್ತು. ನೀರು ಆಕಿದ ಕಡೆಗೆ ಸುದ್ದಿ ಇರಲಿಲ್ಲ. ಅದು ಕಡೇ ಗಳಿಗೇಲಿ ಒಣಗಿ ತಡೀತು. ಎರಡೂ ಗೆಲುವೇ. ಒಂದು ಸಲೀಸು, ಒಂದು ಕಷ್ಟ.”

ಹೀಗೆ ಪಾಠ ಹೇಳುತ್ತಿದ್ದವರಿಗೆ, ಅದೇ ವಿದ್ಯೆಯಿಂದ ತಾಯಿಯ ಮಾನ ಉಳಿಸಬೇಕಾದ ದಿನ ಬಂತು.

ಅವರ ಊರಿನಲ್ಲೇ ನನ್ನ ದೊಡ್ಡಪ್ಪನ ಹೊಲವಿತ್ತು. ಆ ವರ್ಷ ದೊಡ್ಡಪ್ಪ ಬಯಲುಸೀಮೆಯ ಕಡೆಯಿಂದ ಬದನೆ ಸಸಿ ತರಿಸಿ ನೆಡಿಸಿದರು. ನಾಟಿ ಮಾಡಿದವರು, ಕಳೆ ಕಿತ್ತವರು ಅಕ್ಕನ ತಾಯಿ ಮತ್ತು ಕೇರಿಯ ಹೆಂಗಸರು. ಗಿಡ ಹೂ ಬಿಡುವ ಹೊತ್ತಿಗೆ ಬಾಡತೊಡಗಿತು. ಎಲೆ ಹಸಿರಾಗೇ ಇರುವುದು, ಮಧ್ಯಾಹ್ನ ಜೋತು ಬೀಳುವುದು, ಸಂಜೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣುವುದು, ಮೂರು ನಾಲ್ಕು ದಿನಕ್ಕೆ ಪೂರ್ತಿ ಸತ್ತುಹೋಗುವುದು. ಸಾಲಿಗೆ ಸಾಲೇ ಹೋಯಿತು. ದೊಡ್ಡಪ್ಪ ಕೆಟ್ಟ ಮನುಷ್ಯರಲ್ಲ. ಆದರೆ ಕಣ್ಣೆದುರು ಹೊಲ ಸಾಯುತ್ತಿದ್ದಾಗ ಯಾರ ಮೇಲಾದರೂ ಹೊರಿಸಬೇಕಿತ್ತು. “ಆ ಎಂಗಸ್ರು ಕಾಲಿಟ್ಟ ಮ್ಯಾಲೇ ಇಂಗಾದ್ದು. ಬ್ಯಾರೇರ ಒಲದಿಂದ ಪೀಡೆ ತಂದು ಬುಟ್ಟವ್ರೆ” ಎಂದುಬಿಟ್ಟರು. ತಮ್ಮ ಹೊಲಕ್ಕೆ ಇನ್ನು ಕಾಲಿಡಬೇಡಿ ಎಂದರು. ಮಾತು ಊರಲ್ಲಿ ಹಬ್ಬಿತು. ಬೇರೆ ರೈತರೂ ಅವರನ್ನು ಕರೆಯುವುದನ್ನು ನಿಲ್ಲಿಸಿದರು.

ಪ್ರಾಯದ ಹೆಂಗಸರು ಬೆಳಕು ಹರಿಯುವ ಮುಂಚೆ ಟೆಂಪೋ ಹತ್ತಿ ಗಡಿಯಾಚೆಯ ಶುಂಠಿ ಹೊಲಗಳಿಗೆ ಹೋಗತೊಡಗಿದರು. ಅರವತ್ತು ದಾಟಿದ ಅಕ್ಕನ ತಾಯಿಗೆ ಟೆಂಪೋ ಹತ್ತಲಾಗದು. ಜೀವಮಾನದಲ್ಲಿ ಮೊದಲ ಸಲ ಅವರು ನಾಟಿ ಕಾಲದಲ್ಲಿ ಮನೆಯಲ್ಲಿ ಕೂತರು.

ಒಂದು ಸಂಜೆ ಬಸ್ಸಿನಲ್ಲಿ ಅಕ್ಕ ಏನೂ ಓದುತ್ತಿರಲಿಲ್ಲ. ನನ್ನತ್ತ ತಿರುಗಿ ಹೇಳಿದರು: “ಬೆಳಿಗ್ಗೆ ಅಮ್ಮ ಕಾಲು ತೊಳ್ಕೊಂಡು ಬಂದು ನನ್ ಮುಂದೆ ಕೂತ್ಲು. ‘ನನ್ ಕಾಲಲ್ಲಿ ಏನಾರ ಅದಾ ಮಗಾ? ನಿನ್ನ ಗಾಜಲ್ಲಿ ವಸಿ ನೋಡು’ ಅಂದ್ಲು.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಆ ಹೊಲದವರು ನನ್ನ ದೊಡ್ಡಪ್ಪ ಎಂದು ನಾನು ಅವರಿಗೆ ಹೇಳಿರಲಿಲ್ಲ. ವಿಷಯ ತಿಳಿದು ಎರಡು ವಾರವಾಗಿದ್ದರೂ ದೊಡ್ಡಪ್ಪನ ಬಳಿ ಒಂದು ಮಾತೂ ಆಡಿರಲಿಲ್ಲ.

“ಭಾನುವಾರ ನಿನ್ನ ದೊಡ್ಡಪ್ಪನ ಒಲಕ್ಕೆ ನನ್ನ ಕರ್ಕೊಂಡು ಓಗು,” ಎಂದರು ಅಕ್ಕ. ಅವರು ನನಗೆ ‘ನೀನು’ ಎಂದದ್ದು ಅದೇ ಮೊದಲು. “ನಿನ್ನ ಜೊತೆ ಬಂದ್ರೆ ತಡೆಯಲ್ಲ.”

ಅವರಿಗೆ ಎಲ್ಲ ಗೊತ್ತಿತ್ತು.

ಭಾನುವಾರ ನಾವು ಹೋದಾಗ ದೊಡ್ಡಪ್ಪ ಸತ್ತ ಗಿಡ ಕೀಳಿಸುತ್ತಿದ್ದರು. ನಮ್ಮ ಜೊತೆ ಬಂದಿದ್ದ ಅಕ್ಕನ ತಾಯಿಯೂ ಕೇರಿಯ ಹೆಂಗಸರೂ ಆಚೆ ರಸ್ತೆಯಲ್ಲೇ ನಿಂತರು. ಅಕ್ಕ ಕೈಚೀಲದಿಂದ ಗಾಜಿನ ಲೋಟ ತೆಗೆದು, ಬೋರಿನ ತಿಳಿನೀರು ತುಂಬಿಸಿದರು. ಹೊಸದಾಗಿ ಬಾಡಿದ್ದ ಒಂದು ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ಆ ತುಂಡನ್ನು ನೀರಿಗೆ ತುದಿ ಮಾತ್ರ ಮುಳುಗುವಂತೆ ಹಿಡಿದರು.

“ಅಲುಗಿಸದಂಗೆ ನೋಡಿ,” ಎಂದರು.

ದೊಡ್ಡಪ್ಪ ಬಗ್ಗಿದರು. ಎರಡು ಮೂರು ನಿಮಿಷಕ್ಕೆ ಕೊಯ್ದ ತುದಿಯಿಂದ ಹಾಲಿನ ಬಣ್ಣದ ಎಳೆಯೊಂದು, ನೂಲಿನ ಹಾಗೆ, ನೀರಿನೊಳಗೆ ನೆಟ್ಟಗೆ ಕೆಳಗಿಳಿಯಿತು.

“ಏನ್ ಟೀಚರಮ್ಮ ಇದು?”

“ಬ್ಯಾಕ್ಟೀರಿಯ. ಲೆಕ್ಕ ಇಲ್ಲದಷ್ಟು. ಬೇರಿಂದ ಒಳಗೆ ಓಗಿ, ನೀರೇರೋ ಕೊಳವೆ ತುಂಬ ತುಂಬ್ಕೊಂಡವೆ. ಮಣ್ಣಲ್ಲಿ ನೀರಿದ್ರೂ ಗಿಡಕ್ಕೆ ಏರ್ತಿಲ್ಲ. ಬಾಡ್ತಿರೋದು ಅದಕ್ಕೆ. ಪೀಡೆ ಅಲ್ಲ, ಯಾರ ಕಾಲ್ಗುಣವೂ ಅಲ್ಲ.”

ದೊಡ್ಡಪ್ಪ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತರು. “ಸರಿ, ನೀ ಓದಿರೋಳು, ಒಪ್ಕತೀನಿ. ಆದ್ರ ಅದು ನನ್ನ ಒಲಕ್ಕೆ ಎಂಗ ಬಂತು? ಅವರ ಕಾಲಿನ ಮಣ್ಣಲ್ಲೇ ಬಂದಿರ್ಬೋದಲ್ವಾ?”

ಅಕ್ಕ ಲೋಟ ಕೆಳಗಿಟ್ಟರು. ಆಗ ಅವರು ಹೇಳಿದ ಮಾತಿಗಾಗಿಯೇ ನಾನು ಅವರನ್ನು ಇಂದಿಗೂ ಗೌರವಿಸುತ್ತೇನೆ. “ಬರ್ಬೋದು,” ಎಂದರು. “ಸುಳ್ಳು ಯೋಳಲ್ಲ. ಮಣ್ಣು ಅಂಟಿದ ಯಾವ ಕಾಲಲ್ಲಾದ್ರೂ ಬರ್ಬೋದು. ನಿಮ್ಮ ಕಾಲು, ಎತ್ತಿನ ಕಾಲು, ಗುದ್ದಲಿ, ಎಲ್ಲಾ ಒಂದೇ ಅದಕ್ಕೆ. ಸಸೀಲೂ ಬರ್ಬೋದು.”

ಸಸಿ ಎಂದ ಕೂಡಲೇ ನನಗೆ ಹೊಳೆಯಿತು. ದೊಡ್ಡಪ್ಪನ ಮುಂದೆ ಬಂದು ಹೇಳಿದೆ. “ದೊಡ್ಡಪ್ಪಾ, ಮಿಕ್ಕಿದ ಸಸೀನ ದೊಡ್ಡಮ್ಮ ಮನೆ ಇತ್ತಲಲ್ಲಿ ನೆಟ್ಟವ್ರಲ್ಲ. ಅವು ಎಂಗವೆ?”

ದೊಡ್ಡಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ಆದರೆ ಬೇಡವೆನ್ನಲಿಲ್ಲ. ರಸ್ತೆ ದಾಟಿದರೆ ಊರಂಚಿನಲ್ಲೇ ಅವರ ಮನೆ; ನಾವು ಮೂವರೂ ಹೋದೆವು. ಹಿತ್ತಲಲ್ಲಿ ಬಚ್ಚಲು ನೀರು ಹರಿಯುವಲ್ಲಿ ಏಳೆಂಟು ಬದನೆ ಗಿಡ. ಮೂರು ಸತ್ತಿದ್ದವು, ಎರಡು ಜೋತುಬಿದ್ದಿದ್ದವು. ಅಕ್ಕ ಒಂದನ್ನು ಕೊಯ್ದು ಲೋಟದಲ್ಲಿ ಹಿಡಿದರು. ಬಿಳಿ ಎಳೆ ಇಳಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: “ಇವ್ನ ನಾನೇ ನೆಟ್ಟಿದ್ದು, ನಾನೇ ನೀರಾಕಿದ್ದು. ಈ ಇತ್ತಲಿಗೆ ಆಳುಗಳ ಪೈಕಿ ಯಾರೂ ಬಂದಿಲ್ಲ. ಇಲ್ಲಿ ಯಾವತ್ತೂ ಬದನೆ ಆಕಿರ್ನಿಲ್ಲ. ಸಸೀಲೇ ಇತ್ತು ಕಣ್ರೀ ರೋಗ. ಸುಮ್ಸುಮ್ನೆ ಆ ಎಂಗಸ್ರ ಒಟ್ಟೆ ಉರಿಸ್ಬುಟ್ರಿ.”

ದೊಡ್ಡಪ್ಪ ಲೋಟವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, “ನಾಳೆಯಿಂದ ಬರಾಕೆ ಯೋಳು” ಎಂದರು.

“ನಾನ್ ಯೋಳಲ್ಲ,” ಎಂದರು ಅಕ್ಕ. “ಬರಬ್ಯಾಡಿ ಅಂದೋರು ನೀವು. ಅವ್ರು ರಸ್ತೇಲೇ ನಿಂತವ್ರೆ. ನೀವೇ ಯೋಳಿ.”

ದೊಡ್ಡಪ್ಪ ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ನಡೆದರು. ನಾವು ಹಿಂದೆ ಹೋದೆವು. ಅವರು ರಸ್ತೆಯಲ್ಲಿ ಆ ಹೆಂಗಸರ ಎದುರು ನಿಂತು, ನೆಲ ನೋಡುತ್ತಾ, “ತೆಪ್ಪಾಯ್ತು ಕಣವ್ವ. ರೋಗ ಸಸೀಲಿತ್ತು. ನಿಮ್ದೇನೂ ಇಲ್ಲ” ಎಂದರು. ಊರ ಜನ ಜಗಲಿಯಿಂದ ಎದ್ದು ನಿಂತು ಕೇಳುತ್ತಿದ್ದರು. ಅಕ್ಕನ ತಾಯಿ ಅಳಲಿಲ್ಲ, ಕೈ ಮುಗಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸರಿ ಬುಡಿ ಬುದ್ಧಿ. ಆ ಸತ್ತ ಗಿಡವ ಕಿತ್ತು ಸುಡಬೇಕಲ್ಲ, ಬನ್ನಿ” ಎಂದು ಎಲ್ಲರಿಗಿಂತ ಮುಂದೆ ಹೊಲಕ್ಕೆ ಇಳಿದರು.

ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರು. ಅಕ್ಕನ ಕಣ್ಣು ಆಗಲೇ ಬದುವಿನ ಮೇಲಿತ್ತು. ಅಲ್ಲಿ ಯಾರೂ ನೆಡದ ಒಂದು ಸುಂಡೆ ಗಿಡ ಆಳೆತ್ತರ ಬೆಳೆದು ಗೊಂಚಲು ಗೊಂಚಲು ಕಾಯಿ ಬಿಟ್ಟಿತ್ತು.

“ಇದೂ ಬದನೆ ಜಾತೀದೇ,” ಎಂದರು. “ಅದೇ ಮಣ್ಣು, ಅದೇ ನೀರು. ಅದೇ ಬ್ಯಾಕ್ಟೀರಿಯ ಇದರ ಬೇರಿಗೂ ಬಂದು ತಾಗಿರ್ತದೆ. ಬದನೆಗೆ ಗೊತ್ತಾಗೋ ಒತ್ತಿಗೆ ತಡ ಆಗೋಯ್ತದೆ. ಸುಂಡೆ ಬೇರು ಮೊದ್ಲೇ ಎದ್ದು ದಾರಿ ಕಟ್ಬುಡ್ತದೆ. ಈ ಬೇರ ಆ ಬದನೆಗೆ ಕೊಟ್ರೆ?”

ಬೇರೆ ದೇಶಗಳಲ್ಲಿ ಹಾಗೆ ಕಸಿ ಮಾಡುತ್ತಾರೆಂದು ಅವರು ಓದಿದ್ದರು. ನಮ್ಮ ಬೆಟ್ಟದಲ್ಲಿ ಯಾರೂ ಮಾಡಿದ್ದನ್ನು ಕಂಡಿರಲಿಲ್ಲ.

ಬದುವಿನ ಗಿಡದ ಕಾಯಿ ಇನ್ನೂ ಹಣ್ಣಾಗಿರಲಿಲ್ಲವಾದ್ದರಿಂದ, ಸುಂಡೆ ಬೀಜಕ್ಕಾಗಿ ಅಕ್ಕ, ಅವರ ತಾಯಿ, ನಾನು ಒಂದು ರಜಾದಿನ ಹಾಸನೂರಿನ ಕಡೆ ಹೋದೆವು. ರಸ್ತೆ ಬದಿಯ ಪೊದೆಗಳಲ್ಲಿ ಹಣ್ಣಾದ ಕಾಯಿ ಬಿಡಿಸಿ ಸೆರಗಿನಲ್ಲಿ ತುಂಬಿಕೊಳ್ಳುತ್ತಿದ್ದಾಗ ಅರಣ್ಯ ಇಲಾಖೆಯ ಗಾರ್ಡ್ ಬಂದು ತಮಿಳಿನಲ್ಲಿ ಗದರಿದ. ಅಕ್ಕನ ತಾಯಿ ಸೆರಗು ಬಿಚ್ಚಿ ತೋರಿಸಿ, ತಮ್ಮ ಕನ್ನಡದ ತಮಿಳಿನಲ್ಲಿ, ಸಾರಿಗೆ ಸುಂಡೇಕಾಯಿ ಎಂದರು. “ಮೂರು ಹೆಂಗಸರು ಬಸ್ ಹತ್ತಿ ಬಂದು ಕಿತ್ತುಕೊಂಡು ಹೋಗುವಂಥ ಸಾರು ಯಾವುದಮ್ಮಾ?” ಎಂದು ಅವನು ನಕ್ಕು ಬಿಟ್ಟುಬಿಟ್ಟ.

ಕಸಿ ಕಟ್ಟಿದ್ದು ಕೇರಿಯ ಹೆಂಗಸರು. ಸುಂಡೆ ಸಸಿ ನಿಧಾನ, ಅದನ್ನು ಮೊದಲೇ ಬಿತ್ತಬೇಕು. ಕಾಂಡ ಕಡ್ಡಿಯಷ್ಟು ದಪ್ಪವಾದಾಗ ತಲೆ ಕೊಯ್ದು, ಸೀಳಿ, ಅದರೊಳಗೆ ಬದನೆಯ ಕುಡಿಯನ್ನು ಬೆಣೆಯ ಹಾಗೆ ಕೂರಿಸಬೇಕು. ಹಿಡಿದಿಡಲು ಸೈಕಲ್ ಚಕ್ರದ ವಾಲ್ ಟ್ಯೂಬಿನ ಸಣ್ಣ ರಬ್ಬರ್ ಚೂರು. ಮೊದಲ ಸಲ ಕಟ್ಟಿದ್ದರಲ್ಲಿ ಒಂದೂ ಉಳಿಯಲಿಲ್ಲ. ಬೆಟ್ಟದ ಗಾಳಿಗೆ ಒಂದೇ ದಿನದಲ್ಲಿ ಸುರುಟಿಹೋದವು. ಊರಲ್ಲಿ ಕೆಲವರು, “ತಲೆ ಕುಯ್ದ್ರೆ ಬದುಕ್ತದಾ?” ಎಂದು ನಗಾಡಿದರು. ಅಕ್ಕ ಶಾಲೆಗೆ ಬಂದು ಏನೂ ಆಗದವರಂತೆ ಪಾಠ ಮಾಡಿ, ಸಂಜೆ ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡರು. ಅವರು ಸೋತದ್ದನ್ನು ನಾನು ಕಂಡದ್ದು ಆ ಒಂದು ಸಂಜೆ ಮಾತ್ರ.

ಮಾರನೆಯ ದಿನ ತಾಯಿಯೇ ಉಪಾಯ ಹೇಳಿದರು. “ಬಾಣಂತಿ ಕ್ವಾಣೆ ಇದ್ದಂಗ ಇರ್ಬೇಕು ಮಗಾ. ಗಾಳಿ ಆಡ್ಬಾರ್ದು, ಬಿಸ್ಲು ಬೀಳ್ಬಾರ್ದು, ಬೆಚ್ಚಗಿರ್ಬೇಕು.” ಬಿದಿರು ಬಗ್ಗಿಸಿ, ಪ್ಲಾಸ್ಟಿಕ್ ಹೊದಿಸಿ, ಮೇಲೆ ಗೋಣಿ ಹಾಸಿ, ನೆಲಕ್ಕೆ ನೀರು ಚಿಮುಕಿಸಿದರು. ಹತ್ತು ದಿನ ಬಿಟ್ಟು ತೆರೆದು ನೋಡಿದರೆ ಮುಕ್ಕಾಲು ಪಾಲು ಸಸಿ ತಲೆಯೆತ್ತಿ ನಿಂತಿದ್ದವು. ಕೊಯ್ದ ಜಾಗ ಬೆಸೆದು ಗಂಟಾಗಿತ್ತು.

ದೊಡ್ಡಪ್ಪ ತಮ್ಮ ಹೊಲದಲ್ಲಿ ಅತಿ ಹೆಚ್ಚು ಗಿಡ ಸತ್ತಿದ್ದ ಮೂಲೆಯನ್ನೇ ಕೊಟ್ಟರು. “ಬದುಕಿದ್ರೆ ಅಲ್ಲೇ ಬದುಕ್ಬೇಕು” ಎಂದರು. ಒಂದು ಸಾಲು ಕಸಿ ಸಸಿ, ಪಕ್ಕದ ಸಾಲು ಮಾಮೂಲಿ ಬದನೆ, ಮತ್ತೆ ಕಸಿ, ಮತ್ತೆ ಮಾಮೂಲಿ. ಮಾಮೂಲಿಯನ್ನೂ ನೆಡಬೇಕೆಂದು ಅಕ್ಕ ಹಟ ಹಿಡಿದಿದ್ದರು. “ಪಕ್ಕದಲ್ಲಿ ಸಾಯೋದು ಇಲ್ದಿದ್ರೆ, ಬದುಕಿದ್ದಕ್ಕೆ ಸಾಕ್ಷಿ ಎಲ್ಲಿ?”

ಮಳೆ ಬಂತು. ಮಳೆ ಬಿಟ್ಟು ಬಿಸಿಲು ಬಿತ್ತು. ಮಾಮೂಲಿ ಸಾಲು ಜೋತುಬಿತ್ತು. ಒಂದು ವಾರದಲ್ಲಿ ಕಪ್ಪಗೆ ಒಣಗಿತು. ಅದರ ಎರಡು ಪಕ್ಕದಲ್ಲೂ, ಎರಡು ಮೊಳ ದೂರದಲ್ಲಿ, ಕಸಿ ಮಾಡಿದ ಗಿಡಗಳು ಹಸಿರಾಗಿ, ನೇರಳೆ ಹೂ ಬಿಟ್ಟು ನಿಂತವು. ಹೂವಿನ ಹಿಂದೆ ಕಾಯಿ ಬಂದವು. ಅಕ್ಕ ದಿನವೂ ಶಾಲೆಗೆ ಹೊರಡುವ ಮುಂಚೆ ಸಾಲಿನ ಉದ್ದಕ್ಕೂ ನಡೆದು ಬರುತ್ತಿದ್ದರು. ಎಷ್ಟೋ ಗಿಡಗಳ ಬುಡದ ಹತ್ತಿರದ ಕವಲಿನಿಂದ ಸಣ್ಣ ತುಂಡು ಕೊಯ್ದು ಲೋಟದಲ್ಲಿ ಹಿಡಿದು ನೋಡಿದರು. ನೀರು ತಿಳಿಯಾಗೇ ಇತ್ತು.

ಸುದ್ದಿ ಹರಡಿತು. ಪಣಕಹಳ್ಳಿಯಿಂದ, ಗುಮಟಾಪುರದ ಕಡೆಯಿಂದ ಜನ ಬೈಕು ಹತ್ತಿ ನೋಡಲು ಬಂದರು. ಬಂದವರು ಸತ್ತ ಸಾಲನ್ನೊಮ್ಮೆ, ಬದುಕಿದ ಸಾಲನ್ನೊಮ್ಮೆ ನೋಡಿ, ಬಗ್ಗಿ ಬುಡ ಮುಟ್ಟಿ ನೋಡುವರು. ಮುಂದಿನ ನಾಟಿಗೆ ಇಡೀ ಹೊಲಕ್ಕೆ ಕಸಿ ಸಸಿ ಬೇಕೆಂದು ದೊಡ್ಡಪ್ಪ ಕೇರಿಗೇ ಬಂದು, ಅಕ್ಕನ ಮನೆಯ ಜಗಲಿಯ ಮೇಲೆ ಕೂತು, ತಾಯಿ ಕೊಟ್ಟ ಕಾಫಿ ಕುಡಿದು ಕೇಳಿದರು. ಅವರ ಮನೆತನದವರು ಆ ಕೇರಿಯ ಒಳಗೆ ಬಂದು ಕೂತದ್ದನ್ನು ಅದಕ್ಕೂ ಮುಂಚೆ ಯಾರೂ ಕಂಡಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಆ ಹೆಂಗಸರು ಶುಂಠಿ ಹೊಲದ ಟೆಂಪೋ ಹತ್ತಲಿಲ್ಲ. ಕೇರಿಯ ಹಿಂದೆ ಅವರದೇ ಸಸಿ ಮಡಿ ಆಯಿತು. ವಾಲ್ ಟ್ಯೂಬು ತರಲು ಸೈಕಲ್ ಅಂಗಡಿಗೆ ಹೋದರೆ, “ನಿಮಗೆಷ್ಟು ಸೈಕಲ್ಲಮ್ಮಾ?” ಎಂದು ಅಂಗಡಿಯವನು ಕೇಳುತ್ತಿದ್ದನಂತೆ.

ಇಡೀ ಹೊಲಕ್ಕೆ ನಾಟಿ ಹಾಕಿದ ದಿನ ನಾನು ರಜೆ ಹಾಕಿ ಹೋಗಿದ್ದೆ. ಹದವಾದ ಮಣ್ಣು, ಮೋಡದ ಬೆಳಗು. ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಿದ್ದರು. ಉತ್ಸಾಹ ತಡೆಯಲಾರದೆ ದೊಡ್ಡಪ್ಪನೂ ಪಂಚೆ ಎತ್ತಿ ಕಟ್ಟಿ, ಒಂದು ಸಸಿ ತೆಗೆದುಕೊಂಡು ಗುಣಿಯೊಳಗೆ ಆಳಕ್ಕೆ ಇಳಿಸಿ ಮಣ್ಣು ಮುಚ್ಚಿದರು.

“ಎತ್ತಿ ಎತ್ತಿ!” ಎಂದು ಅಕ್ಕನ ತಾಯಿ ಕೂಗಿಕೊಂಡು ಓಡಿ ಬಂದರು. “ಗಂಟು ಮಣ್ಣೊಳಕ್ಕೆ ಓಗ್ಬಾರ್ದು. ಓದ್ರೆ ಬದನೇನೇ ಬೇರು ಬುಟ್ಕತದೆ. ಆ ಬೇರ ಇಡ್ಕೊಂಡು ರೋಗ ಮ್ಯಾಕೆ ಅತ್ತದೆ. ನಿಮ್ಗೆ ನಡಾಕೇ ಬರಾಕಿಲ್ವಲ್ಲ!”

ಸಾಲಿನಲ್ಲಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು. ದೊಡ್ಡಪ್ಪ ಪಂಚೆಯನ್ನು ಇನ್ನಷ್ಟು ಮೇಲಕ್ಕೆ ಕಟ್ಟಿದರು. ಆಮೇಲೆ ಮಂಡಿಯೂರಿ ಕೂತು, ಎರಡೂ ಕೈಯಿಂದ ಮಣ್ಣು ಬಿಡಿಸಿ, ಸಸಿಯನ್ನು ಮೇಲೆತ್ತಿದರು. “ಇಷ್ಟು ಸಾಕೇನವ್ವ?”

“ಇನ್ನೊಂದು ಬೆಳ್ಳು ಮ್ಯಾಕೆ.”

ದೊಡ್ಡಪ್ಪ ಇನ್ನೊಂದು ಬೆರಳು ಮೇಲೆತ್ತಿದರು.

“ಆಂ, ಈಗ ಸರಿ. ಮಣ್ಣಾಕಿ.”

ಬದುವಿನ ಮೇಲೆ ನಿಂತಿದ್ದ ಅಕ್ಕ ಚಪ್ಪಲಿ ಕಳಚಿ, ಎರಡು ಕೈಯನ್ನೂ ಮೇಲೆತ್ತಿ, ಹೊಲದ ಆಚೆಯ ಊರಿಗೂ ಕೇಳುವಂತೆ ಒಂದು ಕೇಕೆ ಹಾಕಿದರು. ಬಗ್ಗಿದ್ದ ಹೆಂಗಸರು ನೆಟ್ಟಗೆ ನಿಂತು ತಿರುಗಿ ಕೇಕೆ ಹಾಕಿದರು. ನಾನೂ ಹಾಕಿದೆ.